ಭಯದ ಹತ್ತಿರ ಹೋಗಲು ನಮಗೆ ಸಮಯ ಕೊಡಿ: ಮಾನಸಿಕ ಆರೋಗ್ಯ ಸೇವೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಮಾನಸಿಕ ಆರೋಗ್ಯ ಸೇವೆಗಳಿಗೆ ನಿಯಮ ಬರೆಯುವವರಿಗೆ, ಆಸ್ಪತ್ರೆಗಳಲ್ಲಿ ಕೌನ್ಸೆಲಿಂಗಿನ ವೇಳಾಪಟ್ಟಿ ಹಾಕುವವರಿಗೆ, ವಿಮೆಯ ಹಣ ಮಂಜೂರು ಮಾಡುವವರಿಗೆ,

ಮಾನ್ಯರೇ,

ಹಳೆಯ ಆಘಾತದ ಬೆನ್ನಿಗೇ ಬಂದು ಅಲ್ಲಿಯೇ ಉಳಿದುಬಿಟ್ಟ ಭಯಗಳಿಗೆ ಚಿಕಿತ್ಸೆ ಕೊಡುವುದು ನನ್ನ ಕಸುಬು. ಅಪಘಾತವಾದ ಮೇಲೆ ಕಾರು ಹತ್ತಲಾಗದವರು, ನಾಯಿ ಕಚ್ಚಿದ ಮೇಲೆ ಬೀದಿಗೆ ಕಾಲಿಡದ ಮಕ್ಕಳು, ಬೆಂಕಿಯಿಂದ ಪಾರಾಗಿ ಬಂದು ಈಗ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಲಾಗದವರು, ಚಿಕ್ಕಂದಿನಲ್ಲಿ ಆಸ್ಪತ್ರೆಯಲ್ಲಿ ಪಟ್ಟ ಪಾಡಿನಿಂದಾಗಿ ಇಂದಿಗೂ ಸೂಜಿ ಕಂಡರೆ ಕುಸಿಯುವವರು. ಇವರಲ್ಲಿ ಹೆಚ್ಚಿನವರು ನನ್ನ ಬಳಿ ಬರುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಅಷ್ಟು ವರ್ಷ ಅವರು ಸುಮ್ಮನೆ ಕೂತಿರಲಿಲ್ಲ. ಬುದ್ಧಿಮಾತು ಕೇಳಿದ್ದಾರೆ, ಮಾತ್ರೆ ನುಂಗಿದ್ದಾರೆ, ಸಮಾಧಾನ ಹೇಳುವ ಅರ್ಧ ಗಂಟೆಯ ಕೌನ್ಸೆಲಿಂಗಿಗೂ ಹೋಗಿ ಬಂದಿದ್ದಾರೆ. ಹೆದರಿಸುವ ವಸ್ತುವಿನ ಹತ್ತಿರಕ್ಕೆ, ಪಕ್ಕದಲ್ಲಿದ್ದು, ಹೆಜ್ಜೆ ಹೆಜ್ಜೆಯಾಗಿ ಕರೆದುಕೊಂಡು ಹೋಗುವ ಚಿಕಿತ್ಸೆಯೊಂದು ಮಾತ್ರ ಅವರಿಗೆ ಸಿಕ್ಕಿರುವುದಿಲ್ಲ. ನಾವು ಎಕ್ಸ್‌ಪೋಶರ್ ಥೆರಪಿ ಎನ್ನುವುದು ಇದಕ್ಕೇ. ಇಂಥ ಭಯಗಳಿಗೆ ನಮ್ಮಲ್ಲಿರುವ ಚಿಕಿತ್ಸೆಗಳ ಪೈಕಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾಗಿ ನಿಂತದ್ದು ಇದು. ಇದನ್ನು ಕೊಡದಂತೆ ನಮ್ಮ ಕೈ ಕಟ್ಟಿರುವುದು ಬಹುಮಟ್ಟಿಗೆ ನಿಮ್ಮ ವೇಳಾಪಟ್ಟಿ ಮತ್ತು ನಿಮ್ಮ ನಾಲ್ಕು ಗೋಡೆ. ಅದಕ್ಕೇ ಈ ಪತ್ರ.

ಆಘಾತವು ಭಯವನ್ನು ಹುಟ್ಟಿಸುತ್ತದೆ, ಸರಿ. ಆದರೆ ಆ ಭಯವನ್ನು ವರ್ಷಗಟ್ಟಲೆ ಸಾಕುವುದು ಬೇರೆಯೇ ಒಂದು ಸಂಗತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಹೋಬಾರ್ಟ್ ಮೌರರ್ 1947ರಲ್ಲಿ ಇದನ್ನು ಎರಡು ಹಂತಗಳಾಗಿ ವಿವರಿಸಿದರು. ಕಾರಿನ ಭಯಕ್ಕೆ ಹೊಂದಿಸಿ ಹೇಳುವುದಾದರೆ, ಕಾರು ಮತ್ತು ಡಿಕ್ಕಿ ಒಟ್ಟಿಗೇ ಅನುಭವಕ್ಕೆ ಬಂದದ್ದರಿಂದ ಕಾರೇ ಅಪಾಯದ ಗುರುತಾಗಿಬಿಡುತ್ತದೆ. ಇದು ಮೊದಲನೆಯದು. ಆಮೇಲೆ ಕಾರು ಕಂಡಾಗಲೆಲ್ಲ ಎದೆ ಹೊಡೆದುಕೊಳ್ಳುತ್ತದೆ. ಹತ್ತದೆ ಹಿಂದೆ ಸರಿದರೆ ಜೀವ ಬಂದಂತಾಗುತ್ತದೆ. ಆ ನೆಮ್ಮದಿಯೇ ತಪ್ಪಿಸಿಕೊಂಡದ್ದಕ್ಕೆ ಸಿಗುವ ಬಹುಮಾನ. 'ಹತ್ತಲಿಲ್ಲ, ಬದುಕಿದೆ' ಎಂದು ಮನಸ್ಸು ಒಪ್ಪಿಸಿಕೊಳ್ಳುತ್ತದೆ. ಹತ್ತಿದ್ದರೂ ಏನೂ ಆಗುತ್ತಿರಲಿಲ್ಲ ಎಂಬುದು ಗೊತ್ತಾಗುವ ಸಂದರ್ಭವೇ ಬರುವುದಿಲ್ಲ. ಮೌರರ್ ಅವರ ಸಿದ್ಧಾಂತಕ್ಕೆ ಆಮೇಲೆ ಬೇಕಾದಷ್ಟು ತಿದ್ದುಪಡಿಗಳು ಬಂದಿವೆ. ನಾಯಿ ಕಚ್ಚಿಸಿಕೊಂಡವರೆಲ್ಲ ನಾಯಿಗೆ ಹೆದರುವುದಿಲ್ಲ. ಹೆದರುವವರೆಲ್ಲ ಕಚ್ಚಿಸಿಕೊಂಡವರೂ ಅಲ್ಲ. ಇನ್ನೊಬ್ಬರು ಹೆದರುವುದನ್ನು ನೋಡಿದರೂ ಸಾಕು, ಭಯ ಕಲಿಯಬಹುದು. ಆದರೆ ಆ ಎರಡನೆಯ ಹಂತವನ್ನು, ತಪ್ಪಿಸಿಕೊಳ್ಳುವುದೇ ಭಯಕ್ಕೆ ಆಹಾರವಾಗುವುದನ್ನು, ನಾನು ಪ್ರತಿದಿನ ಕಣ್ಣಾರೆ ಕಾಣುತ್ತೇನೆ. ಮನೆಯವರ ಪ್ರೀತಿಯೂ ಎಷ್ಟೋ ಸಲ ಭಯದ ಪರವಾಗಿಯೇ ನಿಲ್ಲುತ್ತದೆ. 'ಪಾಪ, ಬೇಡ ಬಿಡು, ನಾನೇ ಹೋಗಿ ಬರ್ತೀನಿ.'

ತಪ್ಪಿಸಿಕೊಳ್ಳುವುದು ಎಂದರೆ ಮನೆಯಲ್ಲಿ ಕೂತುಬಿಡುವುದೇ ಆಗಬೇಕಿಲ್ಲ. ಒಬ್ಬ ಮಹಿಳೆಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಡಿಕ್ಕಿಯಾದಾಗ ಅವರು ಡ್ರೈವರ್ ಪಕ್ಕದ ಸೀಟಿನಲ್ಲಿದ್ದರು. ಅಡ್ಡರಸ್ತೆಯಿಂದ ಲಾರಿಯೊಂದು ನುಗ್ಗಿತ್ತು. ಕಾಲಿನ ಮೂಳೆ ಕೂಡಿಕೊಂಡು ಬಹಳ ಕಾಲವಾಗಿತ್ತು. 'ಕಾರಲ್ಲಿ ಓಡಾಡ್ತೀನಿ ಡಾಕ್ಟ್ರೇ, ಆದ್ರೆ ಪ್ರತಿ ಸಲ ಸತ್ತು ಹುಟ್ಟಿದ ಹಾಗಾಗುತ್ತೆ' ಎಂದರು. ಎದುರಿಸುತ್ತಲೇ ಇದ್ದಾರೆ, ಭಯ ಮಾತ್ರ ಒಂದಿಂಚೂ ಇಳಿದಿಲ್ಲ. ಏಕೆ? ಕೋಣೆಯಲ್ಲಿ ಎಷ್ಟು ಮಾತಾಡಿದರೂ ಅದು ಗೊತ್ತಾಗಲಿಲ್ಲ. ಅವರ ಜೊತೆ ಕಾರಿನಲ್ಲಿ ಕೂತಾಗ ಗೊತ್ತಾಯಿತು. ಒಂದು ಕೈ ಬಾಗಿಲಿನ ಹಿಡಿಯನ್ನು ಬಿಡಲೇ ಇಲ್ಲ. ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಕಾಲಡಿಯ ಮ್ಯಾಟು ಆ ಜಾಗದಲ್ಲಿ ಸವೆದು ನುಣ್ಣಗಾಗಿತ್ತು. ಕ್ರಾಸು ಹತ್ತಿರ ಬಂದಂತೆ 'ಬಂತು, ಬಂತು, ನೋಡಿ' ಎಂದು ಡ್ರೈವರಿಗೆ ಹೇಳುತ್ತಿದ್ದರು. ಆಮೇಲೆ ಕಣ್ಣು ಗಟ್ಟಿಯಾಗಿ ಮುಚ್ಚಿ ಉಸಿರು ಬಿಗಿಹಿಡಿಯುತ್ತಿದ್ದರು. ಕಾರು ಕ್ರಾಸನ್ನು ಕ್ಷೇಮವಾಗಿ ದಾಟಿದ ಮೇಲೆ ಅವರ ಮನಸ್ಸು ಹಾಕುತ್ತಿದ್ದ ಲೆಕ್ಕ ಹೀಗೆ: ನಾನು ಹೇಳಿದ್ದಕ್ಕೆ ಬದುಕಿದೆವು.

ಚಿಕಿತ್ಸೆ ಶುರುವಾದದ್ದು ನಿಲ್ಲಿಸಿದ ಕಾರಿನಲ್ಲಿ, ಒಂದು ಹಾಳೆಯ ಮೇಲೆ. ಕೈ ತೊಡೆಯ ಮೇಲಿಟ್ಟು, ಪಾದ ಹಿಂದಕ್ಕೆ ಎಳೆದುಕೊಂಡು, ಕಣ್ಣು ತೆರೆದು, ಬಾಯಿ ಮುಚ್ಚಿ ಕ್ರಾಸು ದಾಟಿದರೆ ಏನಾಗುತ್ತದೆ? ಅವರು ಎರಡು ಉತ್ತರ ಬರೆದರು. ಒಂದು, ಗಾಡಿ ಬಂದು ಹೊಡೆಯುತ್ತದೆ. ಎರಡು, ತಡೆಯಲಾರದೆ ಬಾಗಿಲು ತೆಗೆದು ಹೊರಗೆ ಹಾರಿಬಿಡುತ್ತೇನೆ. ಎರಡನೆಯದನ್ನು ಅವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಮೊದಲು ವಾಹನ ಸಂಚಾರ ಕಡಿಮೆ ಇರುವ ರಸ್ತೆ, ಆಮೇಲೆ ಸಿಗ್ನಲ್ ಇರುವ ಕ್ರಾಸು, ಆಮೇಲೆ ಇಲ್ಲದ್ದು. ಪ್ರತಿ ಸಲ ದಾಟಿದ ಮೇಲೆ ಗಾಡಿ ನಿಲ್ಲಿಸಿ ಅದೇ ಪ್ರಶ್ನೆ: ಏನಾಗುತ್ತೆ ಅಂದುಕೊಂಡಿದ್ರಿ, ಏನಾಯ್ತು? ಸೊನ್ನೆಯಿಂದ ನೂರರವರೆಗಿನ ಅಳತೆಯಲ್ಲಿ ಭಯ ಎಷ್ಟಿದೆ ಎಂದೂ ಕೇಳುತ್ತೇವೆ. ಒಂದು ಹಂತದಲ್ಲಿ ಅವರು 'ಎಪ್ಪತ್ತು' ಎಂದವರು ಸ್ವಲ್ಪ ತಡೆದು, 'ಎಪ್ಪತ್ತೇ ಇದೆ, ಆದ್ರೆ ಬಾಗಿಲ ಕಡೆ ಕೈ ಹೋಗಲಿಲ್ಲ' ಎಂದರು. ನನಗೆ ಬೇಕಾಗಿದ್ದದ್ದು ಆ ಮಾತು. ಅಂಕಿ ಇಳಿಯುವುದನ್ನೇ ಕಾಯುತ್ತಾ ಕೂರುವುದು ಹಳೆಯ ಪದ್ಧತಿ. ಸೆಷನ್ನಿನಲ್ಲಿ ಭಯ ಎಷ್ಟು ಇಳಿಯಿತು ಎನ್ನುವುದಕ್ಕಿಂತ, ಆಗಿಯೇ ತೀರುತ್ತದೆ ಎಂದುಕೊಂಡದ್ದು ಆಗಲಿಲ್ಲ ಎಂಬ ಅಚ್ಚರಿ ಎಷ್ಟು ಗಟ್ಟಿಯಾಗಿ ಕೂತಿತು ಎನ್ನುವುದೇ ಮುಖ್ಯ ಎಂದು ಮನಶ್ಶಾಸ್ತ್ರಜ್ಞೆ ಮಿಷೆಲ್ ಕ್ರಾಸ್ಕ್ ಮತ್ತು ಅವರ ಸಹೋದ್ಯೋಗಿಗಳ ಕೆಲಸ ತೋರಿಸಿಕೊಟ್ಟಿದೆ. ಭಯ ಇದ್ದೂ ತಡೆದುಕೊಳ್ಳಬಲ್ಲೆ ಎನ್ನುವುದೂ ಒಂದು ಕಲಿಕೆಯೇ.

ಈಗ ನಿಮ್ಮ ವೇಳಾಪಟ್ಟಿಗೆ ಬರೋಣ. ಒಬ್ಬರಿಗೆ ಮೂವತ್ತು ನಿಮಿಷ, ಕೆಲವೆಡೆ ಇಪ್ಪತ್ತು. ಕಾರಿನ ತನಕ ನಡೆದು ಹೋಗಿ, ಹಾಳೆ ಬರೆದು, ಕ್ರಾಸಿನ ಹತ್ತಿರ ಬರುವಷ್ಟರಲ್ಲಿ ಅದು ಮುಗಿದಿರುತ್ತದೆ. ಭಯ ಶಿಖರದಲ್ಲಿರುವಾಗ 'ಇವತ್ತಿಗೆ ಸಾಕು' ಎಂದು ವಾಪಸಾದರೆ ನಾವು ಕಲಿಸಿದ್ದೇನು? ಓಡಿಹೋದರೆ ನೆಮ್ಮದಿ ಎಂಬ ಅದೇ ಹಳೆಯ ಪಾಠ, ಈ ಸಲ ಆಸ್ಪತ್ರೆಯ ಖರ್ಚಿನಲ್ಲಿ. ಅರ್ಧಂಬರ್ಧ ಎಕ್ಸ್‌ಪೋಶರ್ ಕೊಡುವುದಕ್ಕಿಂತ ಕೊಡದೆ ಇರುವುದು ಲೇಸು ಎಂದು ಎಷ್ಟೋ ಥೆರಪಿಸ್ಟರು ಅದನ್ನು ಕೈಬಿಟ್ಟು ಮಾತುಕತೆಗೆ ಮರಳುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಆದರೆ ಈ ಚಿಕಿತ್ಸೆಯನ್ನು ರೂಪಿಸಿದವರು ಸಮಯವನ್ನು ಹೇಗೆ ಲೆಕ್ಕ ಹಾಕಿದ್ದಾರೆ ನೋಡಿ. ಆಘಾತಕ್ಕೆ ಮನಶ್ಶಾಸ್ತ್ರಜ್ಞೆ ಎಡ್ನಾ ಫೋವಾ ರೂಪಿಸಿದ ಪ್ರೊಲಾಂಗ್ಡ್ ಎಕ್ಸ್‌ಪೋಶರ್ ಪದ್ಧತಿಯಲ್ಲಿ ಒಂದು ಸೆಷನ್ ಸಾಮಾನ್ಯವಾಗಿ 90 ನಿಮಿಷ, ಒಟ್ಟು 8ರಿಂದ 15 ಸೆಷನ್. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ 1989ರಲ್ಲಿ ವಿವರಿಸಿದ ಒಂದೇ ಸೆಷನ್ನಿನ ಚಿಕಿತ್ಸೆ ನಿರ್ದಿಷ್ಟ ಫೋಬಿಯಾಗಳಿಗೆ, ಅಂದರೆ ನಾಯಿ, ಎತ್ತರದಂಥ ಯಾವುದೋ ಒಂದರ ಅತಿಯಾದ ಭಯಕ್ಕೆ. ಅದು ಒಂದೇ ದಿನ, ಆದರೆ ಮೂರು ಗಂಟೆಯವರೆಗೆ. ಅರ್ಧ ಗಂಟೆಯ ಭೇಟಿಗಳನ್ನು ವರ್ಷವಿಡೀ ಎಳೆಯುವುದಕ್ಕೆ ನೀವು ಕೊಡುತ್ತಿರುವ ಹಣಕ್ಕಿಂತ ಇದು ದುಬಾರಿ ಹೇಗಾಯಿತು?

ಇದೇನು ನಿನ್ನೆ ಮೊನ್ನೆ ಹುಟ್ಟಿದ ಪ್ರಯೋಗವಲ್ಲ. 1920ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಆಲ್ಬರ್ಟ್ ಎಂಬ ಹಸುಗೂಸಿಗೆ ಬಿಳಿ ಇಲಿ ತೋರಿಸುತ್ತಾ ಹಿಂದಿನಿಂದ ಕಬ್ಬಿಣದ ಸರಳನ್ನು ಸುತ್ತಿಗೆಯಿಂದ ಬಡಿದು ಭಯ ಕಲಿಸಿದ್ದು ಎಲ್ಲ ಪಠ್ಯಪುಸ್ತಕಗಳಲ್ಲೂ ಇದೆ. ಕಲಿಸಿದ ಭಯವನ್ನು ಅವರು ತೆಗೆಯಲಿಲ್ಲ. ಇಂದಾದರೆ ಅಂಥದ್ದಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪದು. ನಾಲ್ಕು ವರ್ಷಗಳ ನಂತರ, 1924ರಲ್ಲಿ, ಮೇರಿ ಕವರ್ ಜೋನ್ಸ್ ಮಾಡಿದ ಕೆಲಸ ಮಾತ್ರ ಅಷ್ಟು ಪ್ರಸಿದ್ಧವಾಗಲಿಲ್ಲ. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಪುಟ್ಟ ಹುಡುಗ ತಿಂಡಿ ತಿನ್ನುತ್ತಿರುವಾಗ ಪಂಜರದೊಳಗಿನ ಮೊಲವನ್ನು ಅವರು ದಿನಕ್ಕಿಷ್ಟು ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡತೊಡಗಿದ. ಆಮೇಲೆ ದಕ್ಷಿಣ ಆಫ್ರಿಕಾದ ಜೋಸೆಫ್ ವೋಲ್ಪೆ. ಎರಡನೇ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿ ಆಘಾತಗೊಂಡ ಸೈನಿಕರಿಗೆ ಔಷಧ ಕೊಟ್ಟು ಮಾತಾಡಿಸುವ ಆಗಿನ ಚಿಕಿತ್ಸೆಯನ್ನು ಪ್ರಯತ್ನಿಸಿ ನಿರಾಶರಾದ ಅವರು, 1958ರ ಹೊತ್ತಿಗೆ ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವ ಕ್ರಮವೊಂದನ್ನು ಬರೆದಿಟ್ಟರು. ನಾನು ಮೇಲೆ ಹೇಳಿದ ಸೊನ್ನೆಯಿಂದ ನೂರರ ಅಳತೆಯೂ ಅವರದೇ. ಒಂದು ಶತಮಾನದ ಕೆಲಸ ಇದು. ಇದನ್ನು 'ಹೊಸ ಪ್ರಯೋಗ' ಎಂಬ ಕಾಲಮ್ಮಿಗೆ ಹಾಕಿ ಹಣ ನಿರಾಕರಿಸುವ ಪತ್ರಗಳು ಇನ್ನೂ ಬರುತ್ತವೆ ಎಂದರೆ ನಗಬೇಕೋ ಅಳಬೇಕೋ ತಿಳಿಯದು.

ಹಿಂದೆ ನಿಜವಾದ ಘಟನೆಯಿರುವ ಭಯದಲ್ಲಿ ಮೊದಲು ವಿಚಾರಿಸಬೇಕಾದ್ದು ಒಂದಿದೆ. ನಾಯಿ ಎದುರಾದಾಗ ಮಾತ್ರ ಭಯ ಬರುತ್ತದೆಯೋ, ನಾಯಿ ಇಲ್ಲದ ರಾತ್ರಿಯಲ್ಲೂ ಆ ಘಟನೆ ತಾನಾಗಿ ಬಂದು ಕಣ್ಣೆದುರು ನಡೆಯುತ್ತದೆಯೋ? ಮೊದಲನೆಯದಾದರೆ ಫೋಬಿಯಾದ ಚಿಕಿತ್ಸೆ ಸಾಕು. ಎರಡನೆಯದಾದರೆ, ಜೊತೆಗೆ ಸದಾ ಅಪಾಯ ಕಾದಿದೆ ಎಂಬ ಕಟ್ಟೆಚ್ಚರವೂ ನೆನಪು ತರುವುದನ್ನೆಲ್ಲ ದೂರವಿಡುವುದೂ ಇದ್ದರೆ, ಅದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಮಾನಸಿಕ ಒತ್ತಡದ ಕಾಯಿಲೆ, ಇರಬಹುದು. ಆಗ ನಾಯಿಯ ಹತ್ತಿರ ಹೋದರೆ ಸಾಲದು, ಆ ನೆನಪಿನ ಹತ್ತಿರವೂ ಹೋಗಬೇಕು. ಫೋವಾ ಪದ್ಧತಿಯಲ್ಲಿ ವ್ಯಕ್ತಿ ಕಣ್ಣು ಮುಚ್ಚಿ, ಘಟನೆ ಈಗ ನಡೆಯುತ್ತಿದೆ ಎಂಬಂತೆ ಮೊದಲಿಂದ ಕೊನೆಯವರೆಗೆ ಹೇಳುತ್ತಾರೆ, ಮತ್ತೆ ಹೇಳುತ್ತಾರೆ. ಅದರ ಧ್ವನಿಮುದ್ರಣವನ್ನು ಮನೆಯಲ್ಲಿ ಕೇಳುತ್ತಾರೆ. ಕೇಳಲು ಕ್ರೂರವೆನಿಸಬಹುದು. ಎದುರು ಕೂತು ಕೇಳಿಸಿಕೊಳ್ಳುವವರಿಗೂ ಅದು ಸುಲಭವಲ್ಲ, ಒಪ್ಪುತ್ತೇನೆ. ಆದರೆ ಆ ಹೇಳಿಕೆ ನಿಧಾನವಾಗಿ ಬದಲಾಗುವುದನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಮೊದಮೊದಲು ತುಂಡು ತುಂಡಾಗಿ, ಜಾರಿಸಿ ಹೇಳಿದ ಭಾಗಗಳು ಕೂಡಿಕೊಂಡು, 'ಆಗ ನಾನು ಮಾಡಬಹುದಾಗಿದ್ದದ್ದು ಅಷ್ಟೇ' ಎಂಬ ಸಾಲು ಯಾರೂ ಹೇಳಿಕೊಡದೆ ಬರುತ್ತದೆ.

ನೀವು ಹೇಳುವ ಆಕ್ಷೇಪ ನನಗೆ ಗೊತ್ತು: ಆಘಾತಗೊಂಡವರು ಸೂಕ್ಷ್ಮ, ಕೆದಕಿದರೆ ಕುಸಿದಾರು. ನನ್ನ ವೃತ್ತಿಯವರೂ ಇದನ್ನೇ ಹೇಳಿ ಹಿಂಜರಿಯುತ್ತಾರೆ. ಅವರು ಆ ನೆನಪಿನ ಜೊತೆ ಒಂಟಿಯಾಗಿ ಈಗಾಗಲೇ ಬದುಕುತ್ತಿದ್ದಾರೆ. ನಾವು ಕೇಳದಿದ್ದರೆ ಅದು ಇಲ್ಲವಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾರ್ಗಸೂಚಿ ಪಿಟಿಎಸ್‌ಡಿಗೆ ಆಘಾತವನ್ನೇ ಕೇಂದ್ರವಾಗಿಸಿಕೊಂಡ ಅರಿವು-ವರ್ತನಾ ಚಿಕಿತ್ಸೆಯನ್ನೂ (ಫೋವಾ ಪದ್ಧತಿ ಈ ಗುಂಪಿಗೇ ಸೇರಿದ್ದು), ಕಣ್ಣನ್ನು ಅತ್ತಿತ್ತ ಆಡಿಸುತ್ತಾ ನೆನಪನ್ನು ಎದುರಿಸುವ ಇಎಮ್‌ಡಿಆರ್ ಪದ್ಧತಿಯನ್ನೂ ಸೂಚಿಸುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯ 2018ರ ಮಾರ್ಗಸೂಚಿಯೂ ಆಘಾತ ಕೇಂದ್ರಿತ ಚಿಕಿತ್ಸೆಯನ್ನೇ ಮುಂದಿಡುತ್ತದೆ, ಸಾಮಾನ್ಯವಾಗಿ 8ರಿಂದ 12 ಸೆಷನ್. ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ 'ಮನಸ್ಸಿನಲ್ಲಿರುವುದನ್ನು ಹೇಳಿಬಿಡಿ' ಎನ್ನುವ ಡಿಬ್ರೀಫಿಂಗನ್ನು ಮಾತ್ರ ಅದು ಬೇಡವೆನ್ನುತ್ತದೆ. ತಮಾಷೆಯೆಂದರೆ ದುರಂತ ನಡೆದಾಗ ಎಲ್ಲರಿಗೂ ಮೊದಲು ನೆನಪಾಗುವುದು, ಹಣ ಬಿಡುಗಡೆಯಾಗುವುದು, ಅದಕ್ಕೇ.

ಎಚ್ಚರ ಬೇಕಾದ ಕಡೆ ನಾನೂ ಎಚ್ಚರದ ಪಕ್ಷವೇ. ಅಪಾಯ ಮುಗಿದಿರಬೇಕು, ಇದು ಮೊದಲ ಷರತ್ತು. ಹೊಡೆಯುವವನ ಜೊತೆ ಇನ್ನೂ ಅದೇ ಮನೆಯಲ್ಲಿರುವ ಹೆಂಗಸಿಗೆ ಬಾಗಿಲ ಸದ್ದು ಕೇಳಿದರೆ ನಡುಕ ಬರುತ್ತದೆ ಎಂದಾದರೆ ಅದು ಫೋಬಿಯಾ ಅಲ್ಲ, ಸರಿಯಾದ ಮಾಹಿತಿ. ಅವರಿಗೆ ಮೊದಲು ಬೇಕಾದ್ದು ಸುರಕ್ಷಿತ ಜಾಗ. ಕಚ್ಚುವ ನಾಯಿಯ ಮುಂದೆ ಮಗುವನ್ನು ನಿಲ್ಲಿಸುವುದು, ಮುಳುಗಿ ಬದುಕಿದವನನ್ನು ಮತ್ತೆ ನೀರಿಗೆ ತಳ್ಳಿ 'ಧೈರ್ಯ ಬರುತ್ತೆ' ಎನ್ನುವುದು ಚಿಕಿತ್ಸೆಯೂ ಅಲ್ಲ, ಅದರ ಪಕ್ಕದ ಮನೆಯೂ ಅಲ್ಲ. ಮುಂದಿನ ಹೆಜ್ಜೆ ಯಾವುದು, ಇವತ್ತೋ ನಾಳೆಯೋ ಎಂದು ತೀರ್ಮಾನಿಸುವುದು ಹೆದರಿದವರೇ. ಮೋಸದಿಂದ ಹತ್ತಿರ ಕರೆದೊಯ್ದರೆ ಆಮೇಲೆ ಅವರು ನಾಯಿಯನ್ನೂ ನಂಬುವುದಿಲ್ಲ, ನಮ್ಮನ್ನೂ ನಂಬುವುದಿಲ್ಲ. ಇನ್ನು ಸೂಜಿ, ರಕ್ತ ಕಂಡರೆ ಮೂರ್ಛೆ ಹೋಗುವವರ ವಿಷಯವೇ ಬೇರೆ. ಅವರಲ್ಲಿ ರಕ್ತದೊತ್ತಡ ಒಮ್ಮೆ ಏರಿ ದಿಢೀರನೆ ಬೀಳುತ್ತದೆ. ಅವರಿಗೆ 'ಮೈ ಸಡಿಲ ಬಿಡಿ' ಎಂದರೆ ಬೇಗ ಬೀಳುತ್ತಾರೆ. ಕೈಕಾಲು, ಹೊಟ್ಟೆಯ ಸ್ನಾಯುಗಳನ್ನು ಮುಖ ಬಿಸಿಯಾಗುವವರೆಗೆ ಬಿಗಿಹಿಡಿದು, ಬಿಟ್ಟು, ಮತ್ತೆ ಬಿಗಿಹಿಡಿಯಲು ಕಲಿಸಬೇಕು. ಇದನ್ನು ಕಲಿಸಲು ಹೆಚ್ಚು ಹೊತ್ತು ಬೇಡ. ಆದರೆ ತಿಳಿದಿರಬೇಕು, ಅದಕ್ಕೆ ತರಬೇತಿ ಬೇಕು.

ಮಾತ್ರೆಯ ಬಗ್ಗೆ ಚುಟುಕಾಗಿ. ಪಿಟಿಎಸ್‌ಡಿಯಲ್ಲಿ, ಖಿನ್ನತೆ ಜೊತೆಗಿದ್ದಾಗ, ಕೆಲವು ಔಷಧಗಳಿಗೆ ನ್ಯಾಯವಾದ ಸ್ಥಾನವಿದೆ. ನನ್ನ ತಕರಾರು ಭಯವಾದಾಗಲೆಲ್ಲ ನುಂಗಲು ಬರೆದುಕೊಡುವ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳ ಬಗ್ಗೆ. ಆಘಾತವಾದ ಮೊದಲ ತಿಂಗಳಲ್ಲಿ ಅದರ ಲಕ್ಷಣಗಳಿಗೆಂದು ವಯಸ್ಕರಿಗೆ ಇವನ್ನು ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳುತ್ತದೆ. ಮಾತ್ರೆ ನುಂಗಿ ಕಾರು ಹತ್ತಿದವರು ಕಲಿಯುವುದು ಮಾತ್ರೆಯ ಶಕ್ತಿಯನ್ನು, ಕಾರಿನ ನಿರುಪದ್ರವವನ್ನಲ್ಲ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ಹಠಾತ್ತನೆ ನಿಲ್ಲಿಸಬೇಡಿ. ಬಹುಕಾಲ ಸೇವಿಸಿದ ಮೇಲೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ವೈದ್ಯರ ಜೊತೆ ಮಾತಾಡಿ ನಿಧಾನವಾಗಿ ಇಳಿಸಬೇಕು.

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ವೇಳಾಪಟ್ಟಿಯಲ್ಲಿ ತೊಂಬತ್ತು ನಿಮಿಷದ ಸೆಷನ್ ಎಂಬ ಒಂದು ಸಾಲು ಸೇರಿಸಿ. ಚಿಕಿತ್ಸೆ ಕಟ್ಟಡದ ಹೊರಗೆ, ರಸ್ತೆಯಲ್ಲಿ, ಲಿಫ್ಟಿನಲ್ಲಿ, ಸೇತುವೆಯ ಮೇಲೆ ನಡೆದರೂ ಅದನ್ನು ಚಿಕಿತ್ಸೆಯೆಂದೇ ಎಣಿಸಿ. ಥೆರಪಿಸ್ಟ್ ಹೊರಗೆ ಹೋದದ್ದಕ್ಕೆ ವಿವರಣೆ ಕೇಳಬೇಡಿ, ಹೋಗದಿದ್ದರೆ ಕೇಳಿ. ಬಿದ್ದು ಬದುಕಿದವರಿಗೆ ಎತ್ತರ ತೋರಿಸಲು, ಮತ್ತೆ ಸೃಷ್ಟಿಸಲಾಗದ ಸನ್ನಿವೇಶಗಳನ್ನು ತೋರಿಸಲು ವರ್ಚುವಲ್ ರಿಯಾಲಿಟಿ ನೆರವಾಗುತ್ತದೆ. ಎತ್ತರದ ಭಯಕ್ಕೆ ಅದರ ಪರೀಕ್ಷೆ 1990ರ ದಶಕದಲ್ಲೇ ಆಗಿದೆ. ಆದರೆ ಉಪಕರಣ ಖರೀದಿಸಿ ಉದ್ಘಾಟನೆ ಮಾಡುವ ಉತ್ಸಾಹಕ್ಕಿಂತ ಮೊದಲು, ಹೊಸ ಥೆರಪಿಸ್ಟರು ಅನುಭವಿಗಳ ಜೊತೆ ಹೋಗಿ ನೋಡಿ, ಆಮೇಲೆ ತಾವು ಮಾಡಿ, ಅದರ ಬಗ್ಗೆ ವಾರಕ್ಕೊಮ್ಮೆ ಕೂತು ಮಾತಾಡುವಷ್ಟು ಮೇಲ್ವಿಚಾರಣೆಗೆ ಹಣ ಕೊಡಿ. ಈ ಚಿಕಿತ್ಸೆಯನ್ನು ಎರಡು ದಿನದ ಕಾರ್ಯಾಗಾರದಲ್ಲಿ ಕೇಳಿ ಕಲಿಯಲಾಗುವುದಿಲ್ಲ. ಇನ್ನೊಬ್ಬರ ಭಯದ ಮುಂದೆ ಕೈಕಟ್ಟಿ ಸುಮ್ಮನಿರುವುದು, ಸಮಾಧಾನ ಹೇಳಬೇಕೆಂಬ ಆತುರವನ್ನು ತಡೆಯುವುದು ಅದರಲ್ಲಿ ಅತಿ ಕಷ್ಟದ ಭಾಗ.

ಕೊನೆಯದಾಗಿ, ಫೈಲು ಮುಚ್ಚುವ ವಿಚಾರ. ಚಿಕಿತ್ಸೆ ಹಳೆಯ ಭಯವನ್ನು ಅಳಿಸುವುದಿಲ್ಲ. ಅದರ ಪಕ್ಕದಲ್ಲಿ ಹೊಸದೊಂದು ಕಲಿಕೆಯನ್ನು ಇಡುತ್ತದೆ. ಆರಿದ ಪ್ರತಿಕ್ರಿಯೆ ಕೆಲಕಾಲದ ನಂತರ ತಾನಾಗಿ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ತಮ್ಮ ಪ್ರಯೋಗದ ನಾಯಿಗಳಲ್ಲೇ ಕಂಡಿದ್ದರು. ಒಂದು ಜಾಗದಲ್ಲಿ ಆರಿದ ಭಯ ಇನ್ನೊಂದು ಜಾಗದಲ್ಲಿ ಮತ್ತೆ ತಲೆಯೆತ್ತುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಮಾರ್ಕ್ ಬೌಟನ್ ಪ್ರಯೋಗಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದಾರೆ. ಹಾಗಾಗಿಯೇ ನಾವು ಬೇರೆ ಬೇರೆ ರಸ್ತೆ, ಬೇರೆ ಬೇರೆ ಹೊತ್ತು, ಬೇರೆ ಬೇರೆ ಡ್ರೈವರ್ ಎಂದು ಅಭ್ಯಾಸ ಮಾಡಿಸುವುದು. ನಾನು ಹೇಳಿದ ಆ ಮಹಿಳೆಯೂ ಕೆಲವು ತಿಂಗಳ ನಂತರ ಫೋನ್ ಮಾಡಿದರು. ಮಳೆಯಲ್ಲಿ, ಕತ್ತಲಲ್ಲಿ, ಬೇರೆ ಊರಿನ ರಸ್ತೆಯಲ್ಲಿ ಪಾದ ಮತ್ತೆ ಮ್ಯಾಟನ್ನು ಒತ್ತಲು ಶುರುಮಾಡಿತ್ತು. ಒಂದೇ ಒಂದು ಸೆಷನ್, ಮಳೆಯಲ್ಲೇ, ಸಾಕಾಗುತ್ತಿತ್ತು. ನಿಮ್ಮ ನಿಯಮದ ಪ್ರಕಾರ ಅವರ ಫೈಲು 'ಗುಣಮುಖ' ಎಂದು ಮುಚ್ಚಿಹೋಗಿತ್ತು. ಮತ್ತೆ ತೆರೆಯಲು ಹೊಸ ಶಿಫಾರಸು ಪತ್ರ, ಹೊಸ ಮೌಲ್ಯಮಾಪನ, ಹೊಸ ಸರದಿ ಬೇಕಿತ್ತು. ಚಿಕಿತ್ಸೆ ಮುಗಿದ ಮೇಲೆ ಒಂದು ವರ್ಷದವರೆಗೆ, ಯಾವ ಕಾಗದವೂ ಇಲ್ಲದೆ, ಎರಡು ಮೂರು ಸಲ ಮರಳಿ ಬರಲು ಅವಕಾಶ ಕೊಡಿ. ಮೇಲಿನ ಎಲ್ಲ ಕೋರಿಕೆಗಳಿಗೂ ಸಮಿತಿ, ಬಜೆಟ್ಟು, ಚರ್ಚೆ ಬೇಕೆನ್ನುವುದಾದರೆ ಇದೊಂದನ್ನಾದರೂ ಮೊದಲು ಮಾಡಿ. ಇದಕ್ಕೆ ನಮೂನೆಯಲ್ಲಿ ಒಂದು ಸಾಲು ತಿದ್ದಿದರೆ ಆಯಿತು.

ಇಂತಿ,
ಭಯದ ಚಿಕಿತ್ಸೆಯಲ್ಲಿ ತೊಡಗಿರುವ ಒಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್